ಚಿಲಕ ಯಾವ ಕಡೆಗೆ? ಗುಡಾರ, ಸೆಟ್ಲಮೆಂಟ, ಮನೆ

1

ನಾನು ಸಣ್ಣವನಿದ್ದಾಗ ರಾತ್ರಿ ಅತ್ತು ರಂಪ ಮಾಡಿದರೆ ನಮ್ಮವ್ವ ಗುಮ್ಮನನ್ನು ಕರೆಯುತ್ತಿರಲಿಲ್ಲ. "ಸುಮ್ಮನ ಮಕ್ಕೋತಿಯೋ, ಇಲ್ಲಾ ಸೆಟ್ಲಮೆಂಟಿಗೆ ಕೊಟ್ಟು ಬರ್ಲ್ಯೋ?" ಅಂತಿದ್ದಳು. ನಾನು ಸುಮ್ಮನಾಗುತ್ತಿದ್ದೆ. ಸೆಟ್ಲಮೆಂಟ ಎಂದರೇನು ಎಂಬುದು ನನಗಿರಲಿ, ಅವಳಿಗೂ ಗೊತ್ತಿರಲಿಲ್ಲ. ಗದಗ-ಬೆಟಗೇರಿಯಲ್ಲಿ ಆ ಹೆಸರಿನ ಒಂದು ಓಣಿ ಐತಿ, ಅಲ್ಲಿ ಹೋದ ಮಕ್ಕಳು ತಿರುಗಿ ಬರೋದಿಲ್ಲ, ಇಷ್ಟೇ ಅವಳ ತಿಳಿವಳಿಕೆ. ಅವಳ ಆ ಬೆದರಿಕೆಯ ಹಿಂದೆ ಒಂದು ಕಾನೂನು ಇತ್ತು ಎಂಬುದು ನನಗೆ ತಿಳಿದದ್ದು ಮೂವತ್ತು ವರ್ಷ ದಾಟಿದ ಮೇಲೆ. ಈ ಬರಹ ಆ ಕಾನೂನಿನ ಬಗ್ಗೆ, ಆ ಓಣಿಯ ಬಗ್ಗೆ, ಮತ್ತು ಅದರ ನೆರಳಿನಲ್ಲಿ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ನಮ್ಮೂರು ಹಮ್ಮಿಗಿ ತುಂಗಭದ್ರೆಯ ದಂಡೆಯ ಮೇಲಿದೆ. ಆಚೆ ದಂಡೆ ಹೂವಿನಹಡಗಲಿ ಸೀಮೆ. ಈಗ ಎರಡೂ ದಂಡೆ ಒಂದೇ ರಾಜ್ಯ. ಆದರೆ ಬ್ರಿಟಿಷರ ಕಾಲಕ್ಕೆ ಈಚೆ ದಂಡೆ ಮುಂಬಯಿ ಪ್ರಾಂತ, ಆಚೆ ದಂಡೆ ಮದರಾಸು ಪ್ರಾಂತ. ಮೂಡಣಕ್ಕೆ ನಡೆದರೆ ಕೊಪ್ಪಳ, ಅಂದರೆ ನಿಜಾಮರ ಸೀಮೆ. ಪಡುವಣಕ್ಕೆ ಶಿರಹಟ್ಟಿ, ಲಕ್ಷ್ಮೇಶ್ವರ. ಅವು ಸಾಂಗಲಿ, ಮಿರಜ ಸಂಸ್ಥಾನಗಳಿಗೆ ಸೇರಿದ್ದವು. ಎರಡು ಮೂರು ದಿನದ ನಡಿಗೆಯೊಳಗೆ ಇಷ್ಟು ಸರ್ಕಾರಗಳು. ಒಕ್ಕಲಿಗನಿಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ, ಅವನ ಹೊಲ ಇದ್ದಲ್ಲೇ ಇತ್ತು. ಆದರೆ ಕತ್ತೆಯ ಮೇಲೆ ಗುಡಾರ ಹೇರಿಕೊಂಡು ಊರೂರು ತಿರುಗುವವರಿಗೆ ಒಂದೊಂದು ಗಡಿಯೂ ಒಂದೊಂದು ಠಾಣೆಯಾಗಿತ್ತು.

ಸುಗ್ಗಿ ಮುಗಿದ ಮೇಲೆ ನದಿ ದಂಡೆಯ ಬಯಲಿನಲ್ಲಿ ಅವರ ಗುಡಾರಗಳು ಏಳುತ್ತಿದ್ದವು. ಈಚಲ ಗರಿಯ ಕಸಬರಿಗೆ ಕಟ್ಟುವವರು, ಬುಟ್ಟಿ ಹೆಣೆಯುವವರು, ಬಲೆ ಬೀಸಿ ಹಕ್ಕಿ ಹಿಡಿಯುವವರು, ವೇಷ ಹಾಕಿ ಬೇಡುವವರು. ಅವರು ಊರೊಳಗೆ ಬರುತ್ತಿರಲಿಲ್ಲ, ಸರಿ. ನಮ್ಮ ಕೇರಿಯೊಳಗೂ ಬರುತ್ತಿರಲಿಲ್ಲ. ನಾವೂ ಕರೆಯುತ್ತಿರಲಿಲ್ಲ.

2

ನಮ್ಮ ದಲಿತ ವಿಮರ್ಶೆಗೆ ಒಂದು ನಕಾಶೆ ಇದೆ. ಆ ನಕಾಶೆಯಲ್ಲಿ ಎರಡು ಜಾಗ: ಊರು ಮತ್ತು ಕೇರಿ. ಸಿದ್ಧಲಿಂಗಯ್ಯನವರ ಆತ್ಮಕಥನದ ಹೆಸರೇ 'ಊರು ಕೇರಿ'. ಈ ನಕಾಶೆ ನಮಗೆ ಬಹಳ ಕೊಟ್ಟಿದೆ. ಊರಿನ ಹೊರಗೆ ನಮ್ಮನ್ನು ಇಟ್ಟಿದ್ದಾರೆ ಎಂಬ ಅರಿವಿನಿಂದಲೇ ನಮ್ಮ ಸಾಹಿತ್ಯ ಹುಟ್ಟಿತು. ಆದರೆ ಕೇರಿ ಎಂಬುದೂ ಒಂದು ನೆಲೆ. ಅಲ್ಲಿ ನಮಗೊಂದು ಗೋಡೆ, ಒಂದು ಒಲೆ, ಒಂದು ಗುಡಿಕಟ್ಟೆ ಇತ್ತು. ನಮ್ಮ ಹೆಣ ಹೂಳಲು ಇಂಥ ಜಾಗ ಎಂಬುದಿತ್ತು. ಹೀನಾಯವೇ ಇರಲಿ, ಊರಿಗೂ ಕೇರಿಗೂ ಒಂದು ಹಕ್ಕುಬಾಧ್ಯತೆಯ ಲೆಕ್ಕ ಇತ್ತು. ಗುಡಾರದವರು ಈ ಲೆಕ್ಕಕ್ಕೇ ಬರಲಿಲ್ಲ. ಅವರು ಊರಿನ ಹೊರಗಲ್ಲ, ನಕಾಶೆಯ ಹೊರಗೆ.

ದೇವನೂರರ 'ಒಡಲಾಳ'ವನ್ನು ನಾವು ಮತ್ತೆ ಮತ್ತೆ ಓದಿದ್ದೇವೆ. ಸಾಹುಕಾರನ ಕಡಲೆಕಾಯಿ ಕಳುವಾಯಿತೆಂದು ಪೊಲೀಸರು ಸಾಕವ್ವನ ಮನೆಗೆ ನುಗ್ಗುತ್ತಾರೆ. ಹಸಿವಿನ ಕಥೆಯೆಂದೇ ಅದನ್ನು ಓದಿದೆವು, ಅದು ಸರಿಯೇ. ಆದರೆ ಅದು ಬಾಗಿಲಿನ ಕಥೆಯೂ ಹೌದು. ಹೊರಗಿನವನು ಹೇಳದೆ ಕೇಳದೆ ನುಗ್ಗಬಹುದಾದ ಮನೆಯನ್ನು ಮನೆ ಎನ್ನಬಹುದೆ? ಈ ಪ್ರಶ್ನೆಯನ್ನು ಕೇರಿಯಿಂದ ಆಚೆಗೆ, ಗುಡಾರದ ತನಕ ಒಯ್ದರೆ ಏನಾಗುತ್ತದೆ ಎಂಬುದನ್ನು ನಾವು ನೋಡಬೇಕಾಗಿದೆ.

3

ಈಗ ಚರಿತ್ರೆಗೆ ಬರೋಣ. 1871ರಲ್ಲಿ ಬ್ರಿಟಿಷ್ ಸರ್ಕಾರ 'ಕ್ರಿಮಿನಲ್ ಟ್ರೈಬ್ಸ್ ಆಕ್ಟ್' ತಂದಿತು. ಅಪರಾಧಿ ಬುಡಕಟ್ಟುಗಳ ಕಾಯ್ದೆ. ಹೆಸರಿನಲ್ಲೇ ತೀರ್ಪು ಇದೆ. ಬಡಿಗನ ಮಗ ಬಡಿಗನಾಗುವ ಹಾಗೆ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬ ವಾದ ಅದರ ಹಿಂದಿತ್ತು. ಈ ವಾದ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದದ್ದಲ್ಲ. ಹುಟ್ಟಿನಿಂದಲೇ ಕಸುಬು, ಕಸುಬಿನಿಂದಲೇ ಯೋಗ್ಯತೆ ಎಂಬ ನಮ್ಮ ವರ್ಣವ್ಯವಸ್ಥೆಯನ್ನೇ ಬಿಳಿಯ ಅಧಿಕಾರಿ ಕಾನೂನಿನ ಭಾಷೆಗೆ ಇಳಿಸಿದ. ಒಂದು ಸಮುದಾಯವನ್ನು ಅಪರಾಧಿ ಎಂದು ಘೋಷಿಸಿದರೆ ಮುಗಿಯಿತು, ಯಾವ ಕೋರ್ಟೂ ಅದನ್ನು ಪ್ರಶ್ನಿಸುವ ಹಾಗಿರಲಿಲ್ಲ. ಮೊದಲು ಉತ್ತರ ಭಾರತಕ್ಕೆ ಸೀಮಿತವಾಗಿದ್ದ ಈ ಕಾಯ್ದೆ 1911ರಲ್ಲಿ ತಿದ್ದುಪಡಿಯಾಗಿ ಮುಂಬಯಿ, ಮದರಾಸು ಪ್ರಾಂತಗಳಿಗೂ ಬಂತು. ಹೆಬ್ಬೆಟ್ಟಿನ ಗುರುತು, ಹಾಜರಿ, ಊರು ಬಿಡಲು ಪರವಾನಿಗೆ, ಎಲ್ಲಾ ಬಂತು. ಆರು ವರ್ಷದಿಂದ ಹದಿನೆಂಟು ವರ್ಷದವರೆಗಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಇಡುವ ಅಧಿಕಾರವೂ ಅದರಲ್ಲಿತ್ತು. ನಮ್ಮವ್ವ ಹೆದರಿಸುತ್ತಿದ್ದದ್ದು ಸುಳ್ಳಲ್ಲ. ಕಾನೂನೇ ಲಾಲಿಹಾಡಿನ ಜಾಗಕ್ಕೆ ಬಂದು ಕೂತಿತ್ತು.

ತಿರುಗುವವರು ಕಳ್ಳರಾದದ್ದು ಹೇಗೆ? ಕೊರವರ ಉದಾಹರಣೆ ತೆಗೆದುಕೊಳ್ಳಿ. ಅವರು ಕರಾವಳಿಯಿಂದ ಉಪ್ಪು ಹೇರಿಕೊಂಡು ಒಳನಾಡಿಗೆ ಬಂದು ಕಾಳಿಗೆ ಮಾರುತ್ತಿದ್ದ ವ್ಯಾಪಾರಿಗಳು. ಸರ್ಕಾರದ ಉಪ್ಪಿನ ನೀತಿ, ಆಮೇಲೆ ರೈಲು, ಆಮೇಲೆ ಅಡವಿಯ ಕಾನೂನುಗಳು ಒಂದರ ಹಿಂದೆ ಒಂದು ಬಂದು ಅವರ ಕತ್ತೆಗಳ ಹೆಜ್ಜೆ ಅಳಿಸಿದವು. ಮದರಾಸು ಪ್ರಾಂತದ ಕೊರವರ ಈ ಕಥೆಯನ್ನು ಮೀನಾ ರಾಧಾಕೃಷ್ಣ 2001ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ನಮ್ಮ ಗದಗಿಗೂ 1880ರ ದಶಕದಲ್ಲಿ ರೈಲು ಬಂತು. ಹತ್ತಿ ಹೋಗಲು ಅನುಕೂಲವಾಯಿತು ಎಂದು ಗ್ಯಾಝೆಟಿಯರು ಬರೆಯುತ್ತದೆ. ಯಾರ ಹೊಟ್ಟೆಯ ಮೇಲೆ ಹಳಿ ಹಾಯಿತು ಎಂಬುದನ್ನು ಬರೆಯುವುದಿಲ್ಲ. ಮೊದಲು ಕಸುಬು ಕಿತ್ತುಕೊಂಡರು, ಆಮೇಲೆ ಕಸುಬಿಲ್ಲದವರು ಕಳ್ಳರು ಎಂದರು.

ಮುಂಬಯಿ ಪ್ರಾಂತದಲ್ಲಿ ಈ ಜನರನ್ನು ಗುಡಾರದಿಂದ ಎಬ್ಬಿಸಿ ಒಂದೆಡೆ ಕೂಡಿಸುವ ಕೆಲಸ 1910ರ ಆಸುಪಾಸು ಬಿಜಾಪುರದಲ್ಲಿ ಶುರುವಾಯಿತು. ಅದರ ಮುಂದಾಳು ಓ. ಎಚ್. ಬಿ. ಸ್ಟಾರ್ಟ್ ಎಂಬ ಐ.ಸಿ.ಎಸ್. ಅಧಿಕಾರಿ. ಮುಂದೆ ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲೂ ಸೆಟ್ಲಮೆಂಟುಗಳಾದವು. ಘಂಟಿಚೋರರು, ಹರಣಶಿಕಾರಿಗಳು, ಕೊರವರು, ಕಂಜರಭಾಟರು, ಛಪ್ಪರಬಂದರು ಇವುಗಳೊಳಗೆ ಬಂದರು. ಇಲ್ಲಿ ಒಂದು ಮಾತು. ಛಪ್ಪರಬಂದ ಎಂದರೆ ಛಪ್ಪರ ಕಟ್ಟುವವನು. ಮೊಗಲರ ದಂಡಿನ ಜೊತೆ ತಿರುಗುತ್ತಾ ಬಿಡಾರಗಳಿಗೆ ಹುಲ್ಲಿನ ಮಾಡು ಹೊದಿಸುತ್ತಿದ್ದ ಜನ ಅವರು. ಲೋಕಕ್ಕೆ ಮಾಡು ಹೊದಿಸಿದವರನ್ನೇ ಮಾಡಿಲ್ಲದವರು ಎಂದು ಬೇಲಿಯೊಳಗೆ ತಂದು ಕೂಡಿಸಿದ್ದು ನಮ್ಮ ಚರಿತ್ರೆ.

ಸೆಟ್ಲಮೆಂಟಿನ ವ್ಯವಸ್ಥೆ ಹೀಗಿತ್ತು: ಸುತ್ತ ತಂತಿಬೇಲಿ. ಒಳಗೆ ಸಾಲು ಸಾಲು ಗುಡಿಸಲು. ಹೊತ್ತಿಗೆ ಸರಿಯಾಗಿ ಹಾಜರಿ. ಹೊರಗೆ ದುಡಿಯಲು ಹೋಗುವುದಕ್ಕೂ ಪರವಾನಿಗೆ. ಮಕ್ಕಳಿಗೆ ಕಡ್ಡಾಯ ಶಾಲೆ. ಚೊಲೋ ನಡತೆ ತೋರಿಸಿದವರಿಗೆ ಕೆಲವು ವರ್ಷದ ಮೇಲೆ ಬೇಲಿಯ ಹೊರಗೆ, 'ಫ್ರೀ ಕಾಲನಿ'ಯಲ್ಲಿ ಜಾಗ. ಕೆಲವು ಕಡೆ ಆಡಳಿತವನ್ನು ಮಿಶನರಿಗಳ ಕೈಗೆ ಕೊಟ್ಟರು. ಸೊಲ್ಲಾಪುರದ್ದನ್ನು ಅಮೆರಿಕನ್ ಮರಾಠಿ ಮಿಶನ್ ನಡೆಸಿತು. ಹುಬ್ಬಳ್ಳಿ, ಗದಗ, ಸೊಲ್ಲಾಪುರ ಮೂರೂ ಹತ್ತಿಯ ಊರುಗಳು, ಮೂರಕ್ಕೂ ರೈಲು ಇತ್ತು ಎಂಬುದನ್ನು ಗಮನಿಸಬೇಕು. ಮಿಲ್ಲಿಗೆ ಆಳು ಬೇಕಿತ್ತು. ಬೇಲಿಯೊಳಗಿನ ಆಳು ಬಿಟ್ಟು ಹೋಗುವುದಿಲ್ಲ, ಹೆಚ್ಚು ಕೂಲಿ ಕೇಳುವುದಿಲ್ಲ, ಕೇಳಿದರೆ ನಡತೆ ಕೆಟ್ಟಿತು ಎಂದು ಬರೆಯಬಹುದು. ಸುಧಾರಣೆ ಮತ್ತು ಮಿಲ್ಲಿನ ಭೋಂಗಾ ಎರಡೂ ಒಂದೇ ಹೊತ್ತಿಗೆ ಕೂಗಿದವು.

ಹಾಗಂತ ಇದನ್ನೆಲ್ಲ ಬರೀ ಜೇಲು ಎಂದು ಬರೆದು ಕೈತೊಳೆದುಕೊಂಡರೆ ನಾವೂ ಸುಳ್ಳು ಹೇಳಿದಂತಾಗುತ್ತದೆ. ಊರು ಯಾರಿಗೆ ಅಕ್ಷರ ಕಲಿಸಿರಲಿಲ್ಲವೋ ಅವರ ಮಕ್ಕಳು ಅಲ್ಲಿ ಅಕ್ಷರ ಕಲಿತರು. ಮಿಲ್ಲಿನ ಕೆಲಸ ಕಲಿತರು, ಪಗಾರ ಕಂಡರು. ಬೇರೆ ಬೇರೆ ಗುಡಾರದವರು ಒಂದೇ ನಳದ ನೀರು ಕುಡಿದರು. ಇವತ್ತಿಗೂ ಹುಬ್ಬಳ್ಳಿಯಲ್ಲಿ, ಬೆಟಗೇರಿಯಲ್ಲಿ ಸೆಟ್ಲಮೆಂಟ ಎಂದರೆ ಒಂದು ವಿಳಾಸ. ಅಲ್ಲಿ ಹುಟ್ಟಿದವರಿಗೆ ಅದು ತವರು. ಬೇಲಿ ಹಾಕಿದವನ ಉದ್ದೇಶ ಬೇರೆ, ಬೇಲಿಯೊಳಗಿನವರು ಕಟ್ಟಿಕೊಂಡ ಬದುಕು ಬೇರೆ. ಎರಡನ್ನೂ ಒಟ್ಟಿಗೆ ಕಾಣುವ ಕಣ್ಣು ಬೇಕು.

4

ಇಲ್ಲಿ ನಮ್ಮ ವಿಮರ್ಶೆ ತಡೆದು ನಿಲ್ಲಬೇಕಾದ ಒಂದು ಸಂಗತಿ ಇದೆ. 1928ರಲ್ಲಿ ಮುಂಬಯಿ ಸರ್ಕಾರ ಅಸ್ಪೃಶ್ಯರ ಮತ್ತು ಬುಡಕಟ್ಟುಗಳ ಸ್ಥಿತಿಗತಿ ಅರಿಯಲು ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷ ಇದೇ ಸ್ಟಾರ್ಟ್. ಸದಸ್ಯರಲ್ಲಿ ಒಬ್ಬರು ಡಾ. ಬಾಬಾಸಾಹೇಬ ಅಂಬೇಡ್ಕರ್. 1930ರಲ್ಲಿ ಅದು ವರದಿ ಕೊಟ್ಟಿತು. ಮರುವರ್ಷ ಮುಂಬಯಿ ಪ್ರಾಂತದಲ್ಲಿ ಹಿಂದುಳಿದ ವರ್ಗಗಳ ಇಲಾಖೆ ಶುರುವಾಯಿತು. ನಮ್ಮ ಹಿರಿಯರು ಉಂಡು ಓದಿದ ಬೋರ್ಡಿಂಗುಗಳಿಗೂ ಸ್ಕಾಲರ್‌ಶಿಪ್ಪುಗಳಿಗೂ ಈ ಇಲಾಖೆಯೇ ಆಸರೆ.

ಅಂದರೆ, ಬೇಲಿ ಹಾಕಿದ ಕೈಯೇ ನಮ್ಮ ಹಾಸ್ಟೆಲಿನ ಕಾಗದಕ್ಕೂ ಸಹಿ ಹಾಕಿತು. ಆಡಳಿತಗಾರನಿಗೆ ಇದು ಒಂದೇ ಕೆಲಸದ ಎರಡು ಕಡತ. ನಮಗೆ ಮಾತ್ರ ಒಂದು ಕಡತ ಕಂಡಿತು. ಅಂಬೇಡ್ಕರ್ ಎರಡನ್ನೂ ಕಂಡಿದ್ದರು. ಅವರು ಅಸ್ಪೃಶ್ಯರನ್ನು ಕುರಿತು 1948ರಲ್ಲಿ ಬರೆದ ಪುಸ್ತಕದ ಮುನ್ನುಡಿಯಲ್ಲಿ ಅಸ್ಪೃಶ್ಯರ ಜೊತೆಗೇ ಆದಿವಾಸಿಗಳನ್ನೂ ಅಪರಾಧಿ ಬುಡಕಟ್ಟುಗಳೆಂದು ಕರೆಸಿಕೊಂಡವರನ್ನೂ ಎಣಿಸಿ, ಇಂಥ ಮೂರು ವರ್ಗಗಳನ್ನು ಹುಟ್ಟಿಸಿದ್ದನ್ನು ನಾಗರಿಕತೆ ಎನ್ನಲಾದೀತೆ ಎಂದು ಕೇಳಿದ್ದಾರೆ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿದ ಅವರ ಮಾತಿನಲ್ಲಿ ನಾವು ಒಂದನ್ನು ಹಿಡಿದುಕೊಂಡೆವು, ಉಳಿದೆರಡನ್ನು ಕೈಬಿಟ್ಟೆವು. ಇದನ್ನು ವೈದಿಕರ ತಲೆಗೆ ಕಟ್ಟಲು ಬರುವುದಿಲ್ಲ. ಇದು ನಮ್ಮದೇ ಮರೆವು.

5

ಕಾಯ್ದೆ ಹೋಯಿತು. ಅದೂ ಒಂದೇ ದಿನ ಹೋಗಲಿಲ್ಲ. ಮದರಾಸು ಪ್ರಾಂತ 1947ರಲ್ಲಿ ರದ್ದು ಮಾಡಿತು, ಮುಂಬಯಿ 1949ರಲ್ಲಿ. ನಮ್ಮ ನದಿಯ ಆಚೆ ದಂಡೆಯಲ್ಲಿ ಮನುಷ್ಯನಾದವನು ಈಚೆ ದಂಡೆಗೆ ಈಜಿ ಬಂದರೆ ಇನ್ನೂ ಎರಡು ವರ್ಷ ಹುಟ್ಟುಗಳ್ಳ. ದೇಶಕ್ಕೆಲ್ಲ ರದ್ದಾದದ್ದು 1952ರ ಆಗಸ್ಟ್ 31ಕ್ಕೆ. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷದ ಮೇಲೆ ಇವರಿಗೆ ಬಿಡುಗಡೆ. ಅದಕ್ಕೇ ಅವರು ವಿಮುಕ್ತರು. ಆದರೆ ಹಳೆಯ ಕಾಯ್ದೆಯ ಜಾಗಕ್ಕೆ 'ರೂಢಿಗತ ಅಪರಾಧಿ'ಗಳ ಕಾಯ್ದೆಗಳು ಬಂದವು. ನಮ್ಮ ರಾಜ್ಯದಲ್ಲೂ 1961ರಲ್ಲಿ ಅಂಥದೊಂದು ಕಾಯ್ದೆಯಾಯಿತು. ಜೈಲು ಕೈಪಿಡಿಗಳಲ್ಲಿ ಇವರ ಬಗ್ಗೆ ಉಳಿದಿದ್ದ ಜಾತಿಯ ಮಾತುಗಳನ್ನು ಸುಪ್ರೀಂ ಕೋರ್ಟು ತಳ್ಳಿಹಾಕಿದ್ದು 2024ರ ಅಕ್ಟೋಬರಿನಲ್ಲಿ. ತಂತಿ ಕಿತ್ತರೂ ಅದರ ಗುರುತು ಮೈಮೇಲೆ ಎಷ್ಟು ದಿನ ಇತ್ತು ನೋಡಿ. ಲಕ್ಷ್ಮಣ ಗಾಯಕವಾಡರ 'ಉಚಲ್ಯಾ' ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬೇಲಿಯೊಳಗೆ ಒಟ್ಟಿಗಿದ್ದವರು ಹೊರಗೆ ಬಂದ ಮೇಲೆ ಬೇರೆ ಬೇರೆ ಪಟ್ಟಿಗಳಿಗೆ ಹಂಚಿಹೋದರು. ಘಂಟಿಚೋರರು, ಕೊರಮರು ಪರಿಶಿಷ್ಟ ಜಾತಿಗೆ. ಹರಣಶಿಕಾರಿಗಳು ಪರಿಶಿಷ್ಟ ಪಂಗಡಕ್ಕೆ. ಛಪ್ಪರಬಂದರು ಹಿಂದುಳಿದ ಪ್ರವರ್ಗಕ್ಕೆ. ಒಂದೇ ಹಾಜರಿ ಪುಸ್ತಕದಲ್ಲಿದ್ದ ಹೆಸರುಗಳು ಈಗ ಮೂರು ಇಲಾಖೆಗಳ ಬಾಗಿಲಲ್ಲಿ ನಿಂತಿವೆ.

6

ಸ್ವತಂತ್ರ ಭಾರತದ ಮನೆಗಳ ಕಥೆ ಇನ್ನೊಂದು. ದೇವರಾಜ ಅರಸರ ಕಾಲದ ಜನತಾ ಮನೆಗಳು, 1985ರ ಇಂದಿರಾ ಆವಾಸ್, 1991-92ರ ಆಶ್ರಯ ಯೋಜನೆ, ಇವು ನಮ್ಮ ಕೇರಿಗಳ ಚಹರೆ ಬದಲಿಸಿದ್ದು ನಿಜ. ನಾನು ಓದಿದ್ದು ಅಂಥದೊಂದು ಮನೆಯ ಬಲ್ಬಿನ ಬೆಳಕಿನಲ್ಲಿ. ಆದರೆ ಈ ಯೋಜನೆಗಳೆಲ್ಲ ಬಡವನನ್ನು ಒಂದೇ ಪ್ರಶ್ನೆ ಕೇಳುತ್ತವೆ: ನೀನು ಯಾವೂರಾಂವ? ರೇಶನ್ ಕಾರ್ಡು ಎಲ್ಲಿಯದು? ಮನೆ ಇಲ್ಲದವನಿಗೆ ಮನೆ ಕೊಡಲು ಅವನು ಮೊದಲು ಇಲ್ಲಿಯವನು ಎಂಬ ಕಾಗದ ಬೇಕು. ಗುಡಾರದವನಿಗೆ ಆ ಕಾಗದ ಯಾರು ಕೊಡಬೇಕು?

1993ರ ಸುಮಾರು. ನಮ್ಮಕ್ಕನನ್ನು ಕೊಟ್ಟ ಊರಿನಲ್ಲಿದ್ದು ನಾನು ಪಿಯುಸಿ ಓದುತ್ತಿದ್ದೆ. ಊರಿನ ಹೆಸರು ಬೇಡ. ಅಲ್ಲಿ ಕೇರಿಯ ಹಿಂದಿನ ಗಾಂವಠಾಣದಲ್ಲಿ ಆಶ್ರಯ ನಿವೇಶನಗಳನ್ನು ಗುರುತು ಮಾಡುತ್ತಾರೆಂದು ಸುದ್ದಿಯಾಯಿತು. ಆ ಜಾಗದ ಒಂದು ಮಗ್ಗುಲಲ್ಲಿ ಏಳೆಂಟು ಗುಡಾರಗಳಿದ್ದವು. ಎರಡು ಮೂರು ವರ್ಷದಿಂದ ಅವರು ಅಲ್ಲೇ ಇದ್ದರು. ಅವರ ಹೆಸರೂ ಪಟ್ಟಿಗೆ ಬರುತ್ತದೆ ಎಂದು ಯಾರೋ ಅಂದರು. ಒಂದು ರಾತ್ರಿ ಕೇರಿಯ ಹಿರಿಯರು ನಮ್ಮ ಮಾವನ ಮನೆ ಕಟ್ಟೆಗೆ ಕೂಡಿದರು. ಅಕ್ಷರ ಬಲ್ಲವ ನಾನೊಬ್ಬ. "ತಮ್ಮಾ, ನೀ ಛಲೋ ಬರೀತಿ, ಒಂದು ಅರ್ಜಿ ಬರಿ" ಅಂದರು.

ನಾನು ಬರೆದೆ. ಈ ಜನ ಪರಸ್ಥಳದವರು, ಇವರಿಂದ ನಮ್ಮ ಕುರಿ ಕೋಳಿಗೆ ಭದ್ರತೆ ಇಲ್ಲ, ಇವರು ಸೆಟ್ಲಮೆಂಟಿನಂಥವರು, ಇವರಿಗೆ ಇಲ್ಲಿ ಜಾಗ ಕೊಡಬಾರದಾಗಿ ವಿನಂತಿ. 'ಸೆಟ್ಲಮೆಂಟಿನಂಥವರು' ಎಂಬ ಪದ ಯಾರೂ ಹೇಳಿಕೊಟ್ಟದ್ದಲ್ಲ. ನನ್ನದೇ ಕೈಯಿಂದ ಬಂತು. ನಮ್ಮವ್ವನ ಜೋಗುಳದಿಂದ ಬಂತು. ಗುಡಾರದವರು ಯಾವ ಜಾತಿಯವರು, ಅವರ ಹಿರಿಯರು ಎಂದಾದರೂ ಸೆಟ್ಲಮೆಂಟು ಕಂಡವರೋ ಇಲ್ಲವೋ, ನಾನು ವಿಚಾರಿಸಿರಲಿಲ್ಲ. ಹಿಂದೆ ಸರ್ಕಾರ ಘೋಷಣೆ ಹೊರಡಿಸುತ್ತಿತ್ತು. ಈಗ ಒಬ್ಬ ಪಿಯುಸಿ ಹುಡುಗ ಒಂದು ಫುಲ್‌ಸ್ಕೇಪ್ ಹಾಳೆಯಲ್ಲಿ ಅದೇ ಕೆಲಸ ಮಾಡಿದ. ನಮ್ಮ ಬಗ್ಗೆ ಊರಿನವರು ಯಾವ ಮಾತಾಡುತ್ತಿದ್ದರೋ ಅದೇ ಮಾತುಗಳು. ನೀರು ಮುಟ್ಟಿದರೆ ಮೈಲಿಗೆ ಎಂಬುದೊಂದು ಬಿಟ್ಟು ಉಳಿದದ್ದೆಲ್ಲಾ ಅದರಲ್ಲಿತ್ತು.

ಅರ್ಜಿಯಿಂದಲೇ ಆಯಿತೋ ಬೇರೆ ಕಾರಣಕ್ಕೋ, ಗುಡಾರದವರ ಹೆಸರು ಪಟ್ಟಿಗೆ ಬರಲಿಲ್ಲ. ಮಳೆಗಾಲಕ್ಕೆ ಮುಂಚೆ ಅವರು ಎದ್ದರು. ಹೊರಡುವ ದಿನ ಅವರಲ್ಲಿಯ ಒಬ್ಬ ಮುದುಕಿ ನಮ್ಮಕ್ಕನ ಮನೆ ಮುಂದೆ ಬಂದು ಒಂದು ಕಸಬರಿಗೆ ಇಟ್ಟಳು. ಅಕ್ಕ ಕಾಳು ತರಲು ಒಳಗೆ ಹೋದಳು. ಮುದುಕಿ ನನ್ನ ಕಡೆ ನೋಡಿ, "ಬರದಾವ್ರು ನೀವ ಏನ್ರಿ?" ಅಂದಳು. ನನಗೆ 'ರೀ' ಹಚ್ಚಿ ಮಾತಾಡಿದ ಮೊದಲ ಹಿರಿಯಳು ಅವಳು. ನಾನು ಇಲ್ಲ ಅಂದೆ.

7

ಇಷ್ಟು ಹೇಳಿಕೊಂಡದ್ದು ಪಾಪನಿವೇದನೆಗಲ್ಲ. ನಮ್ಮ ಕೇರಿಯವರು ಕೆಟ್ಟವರಾಗಿದ್ದರು ಎಂದು ಹೇಳುವುದಕ್ಕೂ ಅಲ್ಲ. ಅವರಿಗೆ ಜಾಗ ಕಡಿಮೆ ಇತ್ತು. ಇಪ್ಪತ್ತು ನಿವೇಶನ ಇಟ್ಟು ನಲವತ್ತು ಬಡವರನ್ನು ಮುಂದೆ ನಿಲ್ಲಿಸಿದರೆ ಅವರು ಒಬ್ಬರ ಮೇಲೊಬ್ಬರು ಅರ್ಜಿ ಬರೆಯುತ್ತಾರೆ. ಹಂಚುವವನು ಮಾತ್ರ ಕೈ ಕಟ್ಟಿ ನಿಂತು ನ್ಯಾಯಸ್ಥನಾಗುತ್ತಾನೆ. ಒಳಮೀಸಲಾತಿಯಲ್ಲೂ ಇದನ್ನೇ ಕಂಡೆವು. 2025ರ ಆಗಸ್ಟಿನಲ್ಲಿ ನ್ಯಾ. ನಾಗಮೋಹನದಾಸ್ ಆಯೋಗ ಅಲೆಮಾರಿಗಳೂ ಸೇರಿದ 59 ಸಣ್ಣ ಸಮುದಾಯಗಳಿಗೆ ಶೇಕಡಾ 1ರಷ್ಟು ಪ್ರತ್ಯೇಕ ಪಾಲು ಶಿಫಾರಸು ಮಾಡಿತು. ಸರ್ಕಾರ 6, 6, 5 ಎಂದು ಮೂರು ಪಾಲು ಮಾಡಿ ಅವರನ್ನು ಕಡೆಯ ಪಾಲಿನೊಳಗೆ ದೊಡ್ಡ ಸಮುದಾಯಗಳ ಜೊತೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಕೂತರು. ಅವರ ಜೊತೆ ನಮ್ಮಲ್ಲಿ ಎಷ್ಟು ಮಂದಿ ಕೂತೆವು?

ಹಮ್ಮಿಗಿಯಲ್ಲಿ ಈಗ ನದಿಗೆ ಬ್ಯಾರೇಜು ಇದೆ, ಸಿಂಗಟಾಲೂರು ಏತ ನೀರಾವರಿಯದು. ಅದರ ಹಿನ್ನೀರಿಗೆ ಗುಮ್ಮಗೋಳ, ಬಿದರಹಳ್ಳಿ, ವಿಠಲಾಪುರಗಳು ಮುಳುಗಡೆ ಊರುಗಳೆಂದು ಹೆಸರಾದವು. ಆ ಜನ ಪಟ್ಟ ಪಾಡು ಸಣ್ಣದಲ್ಲ. ಆದರೂ ಅವರ ಗೋಡೆಗಳನ್ನು ಅಳತೆ ಮಾಡಿದರು, ಬಾಗಿಲು ಎಣಿಸಿದರು, ಪರಿಹಾರ ಎಂಬ ಒಂದು ಮಾತಾದರೂ ಇತ್ತು. ನಮ್ಮ ದಂಡೆಯಲ್ಲಿ ಸುಗ್ಗಿಗೊಮ್ಮೆ ಗುಡಾರ ಏಳುತ್ತಿದ್ದ ಬಯಲೂ ನೀರೊಳಗೆ ಹೋಯಿತು. ಅದಕ್ಕೆ ಅಳತೆ ಇಲ್ಲ. ಗೂಟ ಹೊಡೆದ ತೂತಿಗೆ ಯಾವ ಪಂಚನಾಮೆ?

ದಾಖಲೆ ಇಲ್ಲದ ತಾಂಡಾ, ಹಟ್ಟಿಗಳಿಗೆ ಹಕ್ಕುಪತ್ರ ಕೊಡಲು ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 38ಎ ಎಂಬ ಕಲಮು ಸೇರಿಸಿತು. 'ಉಳುವವನೇ ಹೊಲದೊಡೆಯ' ಎಂದಿದ್ದ ನಾಡಿನಲ್ಲಿ 'ವಾಸಿಸುವವನೇ ಮನೆಯೊಡೆಯ' ಎಂಬ ಮಾತು ಹುಟ್ಟಿತು. ಅದು ದೊಡ್ಡ ಮಾತೇ. ಆದರೆ ವಾಸಿಸಲು ಬಿಡದೆ ಎಬ್ಬಿಸುತ್ತಲೇ ಬಂದವನು ಯಾವುದರ ಒಡೆಯ?

ಈ ನೂರು ವರ್ಷಗಳ ಚರಿತ್ರೆಯಿಂದ ನನಗೆ ತೋರುವುದು ಇಷ್ಟು. ಸೂರಿಲ್ಲದವರನ್ನು ಸೂರಿಗೆ ತರುತ್ತೇವೆ ಎಂದು ಯಾರೇ ಹೊರಟರೂ, ಅವರು ಬಿಳಿಯ ಅಧಿಕಾರಿಯಾಗಲಿ, ನಗರಸಭೆಯಾಗಲಿ, ನಾವೇ ಆಗಲಿ, ಅವರನ್ನು ಕೇಳಬೇಕಾದದ್ದು ಎಷ್ಟು ಮನೆ ಕಟ್ಟಿಸಿದಿರಿ ಎಂದಲ್ಲ. ಬಾಗಿಲಿನ ಚಿಲಕ ಯಾವ ಕಡೆಗಿದೆ ಎಂದು ಕೇಳಬೇಕು. ಒಳಗಿನಿಂದ ಹಾಕಿಕೊಳ್ಳಲು ಬರುತ್ತದೆಯೋ? ಬೇಕೆಂದಾಗ ತೆಗೆದುಕೊಂಡು ದುಡಿಮೆಗೆ, ಜಾತ್ರೆಗೆ, ಬೀಗರ ಊರಿಗೆ ಹೋಗಿ, ತಿರುಗಿ ಬಂದಾಗ ಆ ಮನೆ ತಮ್ಮದಾಗಿಯೇ ಇರುತ್ತದೆಯೋ? ಸೆಟ್ಲಮೆಂಟಿನಲ್ಲಿ ಚಿಲಕ ಹೊರಗಿತ್ತು. ಗುಡಾರಕ್ಕೆ ಚಿಲಕವೇ ಇರಲಿಲ್ಲ. ನಮ್ಮ ಯೋಜನೆಗಳಲ್ಲಿ ಚಿಲಕ ಹಾಕುವ ಅಧಿಕಾರ ಕಾಗದಕ್ಕಿದೆ.

ದಲಿತ ವಿಮರ್ಶೆ ಇನ್ನು ಮುಂದೆ ಊರು-ಕೇರಿಯ ನಕಾಶೆಗೆ ಈ ಮೂರನೆಯ ಜಾಗವನ್ನು ಸೇರಿಸಬೇಕು. ಅದಕ್ಕೆ ಸಂಕಥನ, ಅಸ್ಮಿತೆ ಮುಂತಾದ ದೊಡ್ಡ ಪದಗಳ ಮೊದಲು ಒಂದು ಸಣ್ಣ ಕೆಲಸ ಇದೆ. ನಮ್ಮ ನಮ್ಮ ಊರುಗಳಲ್ಲಿ ಇಂಥ ಅರ್ಜಿಗಳನ್ನು ಬರೆದವರು ಯಾರು ಎಂಬುದನ್ನು ಒಪ್ಪಿಕೊಳ್ಳುವುದು. ಆ ಮುದುಕಿ ಕೇಳಿದ ಪ್ರಶ್ನೆಗೆ ನಾನು ಇಲ್ಲ ಅಂದಿದ್ದೆ. ಹೌದು, ಬರೆದವ ನಾನೇ.